ಎದೆಯೊಳಗಿನ ಯಂತ್ರ, ಮನದೊಳಗಿನ ಅಳುಕು

ಮನುಷ್ಯನ ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಆರೋಗ್ಯವಂತನಿಗೆ ಈ ಬಡಿತದ ಅರಿವೇ ಇರುವುದಿಲ್ಲ. ಉಣ್ಣುವಾಗ, ಉಳುವಾಗ, ನಿದ್ರಿಸುವಾಗ ತನ್ನೆದೆಯಲ್ಲಿ ಇಂಥದೊಂದು ಕೆಲಸ ಎಡೆಬಿಡದೆ ನಡೆದಿದೆಯೆಂದು ಯಾರೂ ನೆನೆಯುವುದಿಲ್ಲ. ನೆನೆಯಬೇಕಾದ ಅಗತ್ಯವೂ ಇಲ್ಲ. ಎದೆಯಲ್ಲಿ ಯಂತ್ರವನ್ನು ಅಳವಡಿಸಿಕೊಂಡವನ ಸ್ಥಿತಿಯಾದರೋ ಬೇರೆ. ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ, ಕೈಗೆ ತಾಕುವ ಸಣ್ಣ ಉಬ್ಬೊಂದು ಅವನಿಗೆ ದಿನಕ್ಕೆ ಹತ್ತಾರು ಬಾರಿ ಆ ಬಡಿತವನ್ನು ನೆನಪಿಗೆ ತರುತ್ತದೆ. ಆ ಯಂತ್ರವು ಪ್ರಾಣವನ್ನು ಕಾಯುತ್ತಿದೆಯೆಂಬುದು ನಿಜ. ಆದರೆ ಕಾಯುವ ಯಂತ್ರವೇ ಕೆಲವರ ಪಾಲಿಗೆ ಭಯಕ್ಕೂ, ಆ ಭಯವು ಬೆಳೆದು ಖಿನ್ನತೆಗೂ ಕಾರಣವಾಗುವುದುಂಟು. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಂತಹ ಕಡಲಂಚಿನ ಸೀಮೆಯಲ್ಲಿ ಈ ಭಯವು ಯಾವ ರೂಪ ತಾಳಬಹುದು, ಅದಕ್ಕೆ ಪರಿಹಾರವೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಎರಡು ಬಗೆಯ ಯಂತ್ರಗಳು

ಜನರ ಮಾತಿನಲ್ಲಿ ಎದೆಯೊಳಗಿಡುವ ಯಂತ್ರಗಳೆಲ್ಲವೂ ‘ಪೇಸ್‌ಮೇಕರ್’ ಎಂಬ ಒಂದೇ ಹೆಸರಿನಿಂದ ಕರೆಯಲ್ಪಡುತ್ತವೆ. ವಾಸ್ತವವಾಗಿ ಇವುಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಅವುಗಳ ಭೇದವನ್ನು ತಿಳಿಯದೆ ರೋಗಿಯ ಮನಸ್ಸನ್ನು ತಿಳಿಯುವುದು ಸಾಧ್ಯವಿಲ್ಲ.

ಹೃದಯದ ಬಲ ಮೇಲ್ಕೋಣೆಯ ಗೋಡೆಯಲ್ಲಿ ಜೀವಕೋಶಗಳ ಸಣ್ಣದೊಂದು ಗುಂಪಿದೆ. ಅದು ತಾನಾಗಿಯೇ ವಿದ್ಯುತ್ ಸಂಕೇತಗಳನ್ನು ಹುಟ್ಟಿಸಿ ಇಡೀ ಹೃದಯವನ್ನು ತಾಳಬದ್ಧವಾಗಿ ದುಡಿಸುತ್ತದೆ. ಈ ಸಂಕೇತ ಕುಂದಿದರೆ ಅಥವಾ ಕೆಳಕೋಣೆಗಳನ್ನು ತಲುಪುವ ದಾರಿಯಲ್ಲಿ ತಡೆಯುಂಟಾದರೆ ಬಡಿತ ನಿಧಾನವಾಗಿ, ರೋಗಿ ತಲೆಸುತ್ತಿ ಬೀಳುತ್ತಾನೆ. ಇಂಥವರಿಗೆ ಪೇಸ್‌ಮೇಕರ್. ಅದು ಕೊಡುವ ವಿದ್ಯುತ್ ಪ್ರೇರಣೆ ಅತ್ಯಲ್ಪವಾದುದರಿಂದ ಸಾಮಾನ್ಯವಾಗಿ ರೋಗಿಗೆ ಅದರ ಅನುಭವವೇ ಆಗುವುದಿಲ್ಲ. ೧೯೫೮ರ ಅಕ್ಟೋಬರ್ ೮ರಂದು ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಎಂಬಾತನು, ರೂನೆ ಎಲ್ಮ್‌ಕ್ವಿಸ್ಟ್ ಎಂಬ ತಂತ್ರಜ್ಞನು ನಿರ್ಮಿಸಿದ ಯಂತ್ರವನ್ನು ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗಿಟ್ಟನು. ಜಗತ್ತಿನಲ್ಲಿ ಪೂರ್ಣವಾಗಿ ದೇಹದೊಳಗೆ ಇಡಲ್ಪಟ್ಟ ಮೊದಲ ಪೇಸ್‌ಮೇಕರ್ ಅದು. ಆ ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟುಹೋಯಿತು. ಆದರೆ ಲಾರ್ಸನ್ ಮಾತ್ರ ಒಂದಾದ ಮೇಲೊಂದರಂತೆ ೨೬ ಯಂತ್ರಗಳನ್ನು ಬದಲಿಸಿಕೊಂಡು ೨೦೦೧ರವರೆಗೆ, ತನ್ನ ೮೬ನೆಯ ವಯಸ್ಸಿನವರೆಗೆ ಬದುಕಿದ್ದನು; ಕಡೆಗೆ ಸತ್ತದ್ದು ಹೃದಯದ ಕಾಯಿಲೆಯಿಂದಲ್ಲ, ಅರ್ಬುದ ರೋಗದಿಂದ.

ಎರಡನೆಯ ಯಂತ್ರಕ್ಕೆ ವೈದ್ಯರು ಐ.ಸಿ.ಡಿ. ಎನ್ನುತ್ತಾರೆ. ಹೃದಯದ ಕೆಳಕೋಣೆಗಳು ಕೆಲವೊಮ್ಮೆ ತಾಳತಪ್ಪಿ ಮಿತಿಮೀರಿದ ವೇಗದಿಂದ ಅದುರತೊಡಗುತ್ತವೆ. ಆಗ ರಕ್ತ ಹರಿಯುವುದು ನಿಂತು ಕೆಲವೇ ನಿಮಿಷಗಳಲ್ಲಿ ಸಾವು ಸಂಭವಿಸುತ್ತದೆ. ಐ.ಸಿ.ಡಿ. ಯಂತ್ರವು ಈ ಅದುರುವಿಕೆಯನ್ನು ಗುರುತಿಸಿ, ಒಳಗಿನಿಂದಲೇ ಬಲವಾದ ವಿದ್ಯುದಾಘಾತವನ್ನು ಕೊಟ್ಟು ಹೃದಯವನ್ನು ಮತ್ತೆ ತಾಳಕ್ಕೆ ತರುತ್ತದೆ. ಪೋಲೆಂಡಿನಲ್ಲಿ ಹುಟ್ಟಿದ ಮೈಕೆಲ್ ಮಿರೋವ್ಸ್ಕಿ ಎಂಬ ವೈದ್ಯನು ತನ್ನ ಗುರುಸಮಾನನಾದ ಹಿರಿಯ ವೈದ್ಯನೊಬ್ಬನನ್ನು ಇಂತಹ ತಾಳತಪ್ಪಿದ ಬಡಿತದಿಂದ ಕಳೆದುಕೊಂಡ ದುಃಖದಲ್ಲಿ ಈ ಯಂತ್ರದ ಕಲ್ಪನೆಯನ್ನು ಕಂಡನೆಂಬುದು ಪ್ರಸಿದ್ಧ. ಮಾರ್ಟನ್ ಮೋವರ್ ಎಂಬವನೊಡನೆ ವರ್ಷಗಟ್ಟಲೆ ದುಡಿದು ಅವನು ರೂಪಿಸಿದ ಯಂತ್ರವನ್ನು ೧೯೮೦ರ ಫೆಬ್ರವರಿ ೪ರಂದು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಮನುಷ್ಯನೊಬ್ಬನಿಗೆ ಅಳವಡಿಸಲಾಯಿತು. ಅಂದಿನಿಂದ ಇಂದಿನವರೆಗೆ ಅದು ಅಸಂಖ್ಯ ಜನರ ಪ್ರಾಣವನ್ನು ಉಳಿಸಿದೆ.

ಪೇಸ್‌ಮೇಕರ್ ಮೌನವಾಗಿ ದುಡಿಯುವ ಆಳು, ಐ.ಸಿ.ಡಿ.ಯಾದರೋ ಸುಮ್ಮನಿದ್ದು ಒಮ್ಮೆಲೆ ಕೋಲೆತ್ತುವ ಕಾವಲುಗಾರ. ಈ ಲೇಖನದಲ್ಲಿ ಹೇಳುವ ಆತಂಕ, ಖಿನ್ನತೆಗಳು ಎರಡೂ ಬಗೆಯ ಯಂತ್ರದವರಲ್ಲಿ ಕಂಡುಬರುವುದಾದರೂ ಎರಡನೆಯವರಲ್ಲಿ ಅವುಗಳಿಗೆ ವಿಶೇಷವಾದ ಕಾರಣವಿದೆ.

ಭಯವು ಬೇರೂರುವ ಬಗೆ

ಐ.ಸಿ.ಡಿ. ಕೊಡುವ ಆಘಾತವು ಸಾಮಾನ್ಯವಾಗಿ ೩೦ರಿಂದ ೪೦ ಜೂಲ್‌ಗಳಷ್ಟು ಶಕ್ತಿಯದು. ಅದನ್ನು ಅನುಭವಿಸಿದವರು ಕುದುರೆಯು ಎದೆಗೆ ಒದ್ದಂತಾಯಿತೆಂದು ಹೇಳುವುದುಂಟು. ನೋವು ಇರುವುದು ಕ್ಷಣಮಾತ್ರ. ಆದರೆ ಅದು ಬರುವ ಮುನ್ನ ಸೂಚನೆಯಿಲ್ಲ. ಅದನ್ನು ತಡೆಯಲು ರೋಗಿಯ ಕೈಯಲ್ಲಿ ಉಪಾಯವಿಲ್ಲ. ಮತ್ತೆ ಯಾವಾಗ ಬರುವುದೆಂಬುದೂ ತಿಳಿಯದು. ಸೂಚನೆಯಿಲ್ಲದ, ತಡೆಯಲಾಗದ ಪೆಟ್ಟಿಗೆ ಪದೇಪದೇ ಸಿಕ್ಕಿದ ಜೀವಿಯು ಕ್ರಮೇಣ ಎಲ್ಲ ಪ್ರಯತ್ನವನ್ನೂ ಬಿಟ್ಟು ಮೂಲೆ ಸೇರುತ್ತದೆಂಬುದನ್ನು ಮನಶ್ಶಾಸ್ತ್ರಜ್ಞರು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಬಹು ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಯಂತ್ರಧಾರಿಯ ಭಯವು ಹೇಡಿತನವಲ್ಲ. ದೇಹವು ಕಲಿತುಕೊಂಡ ಪಾಠ.

ಗಂಗೊಳ್ಳಿಯ ಬಂದರಿನಿಂದ ಕಡಲಿಗೆ ಹೋಗುವ ಮೀನುಗಾರನೊಬ್ಬನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಬಲೆ ಎಳೆಯುತ್ತಿದ್ದಾಗ ಅವನಿಗೆ ಮೊದಲ ಆಘಾತವಾಯಿತೆನ್ನೋಣ. ಯಂತ್ರವು ತನ್ನ ಕರ್ತವ್ಯವನ್ನು ಮಾಡಿತು, ಜೀವ ಉಳಿಯಿತು. ಆದರೆ ಅವನ ಮನಸ್ಸು ಆಘಾತವನ್ನು ಹೃದಯದ ದೋಷದೊಡನೆ ಜೋಡಿಸುವುದಿಲ್ಲ. ಬಲೆಯೊಡನೆ, ದೋಣಿಯೊಡನೆ, ಬೆಳಗಿನ ಉಪ್ಪುಗಾಳಿಯೊಡನೆ ಜೋಡಿಸುತ್ತದೆ. ಮರುದಿನ ಅವನು ದೋಣಿ ಹತ್ತುವುದಿಲ್ಲ. ಹತ್ತದೆ ಉಳಿದ ದಿನ ಆಘಾತವಾಗಲಿಲ್ಲವಾದ್ದರಿಂದ, ಹತ್ತದೆ ಇದ್ದುದರಿಂದಲೇ ತಾನು ಉಳಿದೆನೆಂದು ಮನಸ್ಸು ತೀರ್ಮಾನಿಸುತ್ತದೆ. ಮುಂದೆ ಬಂದರಿಗೆ ಹೋಗುವುದು ನಿಲ್ಲುತ್ತದೆ. ಆಮೇಲೆ ಮೆಟ್ಟಿಲು ಹತ್ತುವುದು, ಸಂತೆಗೆ ಹೋಗುವುದು, ರಾತ್ರಿಯ ಆಟಕ್ಕೆ ಹೋಗುವುದು ಒಂದೊಂದಾಗಿ ಬಿಟ್ಟುಹೋಗುತ್ತವೆ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳಿಗೆ ಹೇಗೂ ನಿಷೇಧವಿರುವುದರಿಂದ ಆ ಎರಡು ತಿಂಗಳು ಅವನು ಮನೆಯಲ್ಲಿರುವುದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಆಗಸ್ಟಿನಲ್ಲಿ ಉಳಿದವರೆಲ್ಲ ಕಡಲಿಗಿಳಿದ ಮೇಲೂ ಇವನೊಬ್ಬ ಜಗಲಿಯಲ್ಲೇ ಕುಳಿತಿದ್ದರೆ ಮಾತ್ರ ನೆರೆಹೊರೆಯ ಕಣ್ಣಿಗೆ ಬೀಳುತ್ತದೆ. ಅಷ್ಟರಲ್ಲಿ ಆತಂಕವು ಖಿನ್ನತೆಯಾಗಿ ತಿರುಗಿರುತ್ತದೆ: ದುಡಿಮೆಯಿಲ್ಲ, ಆದುದರಿಂದ ಮನೆಯಲ್ಲಿ ತನ್ನ ಮಾತಿಗೆ ತೂಕವಿಲ್ಲವೆಂಬ ಭಾವನೆ, ತೂಕವಿಲ್ಲವೆಂದ ಮೇಲೆ ಉಳಿದು ಪ್ರಯೋಜನವೇನೆಂಬ ಯೋಚನೆ.

ಈ ಉದಾಹರಣೆ ಕಾಲ್ಪನಿಕವಾದರೂ ಅದರೊಳಗಿನ ಕ್ರಮವು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಪರಿಚಿತವಾದುದು. ಐದು ಸಾವಿರಕ್ಕೂ ಹೆಚ್ಚು ಐ.ಸಿ.ಡಿ. ರೋಗಿಗಳನ್ನು ಕುರಿತ ೪೫ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೧ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು, ಇಂಥವರಲ್ಲಿ ಶೇಕಡಾ ೧೧ರಿಂದ ೨೮ರಷ್ಟು ಮಂದಿಗೆ ಖಿನ್ನತೆಯೂ, ಶೇಕಡಾ ೧೧ರಿಂದ ೨೬ರಷ್ಟು ಮಂದಿಗೆ ಆತಂಕದ ಕಾಯಿಲೆಯೂ ಇದ್ದುದನ್ನು ತೋರಿಸಿತು. ಎಂದರೆ ಸ್ಥೂಲವಾಗಿ ಐವರಲ್ಲಿ ಒಬ್ಬರು. ಉಳಿದ ನಾಲ್ವರು ಯಂತ್ರದೊಡನೆ ಹೊಂದಿಕೊಂಡು ಬಾಳುತ್ತಾರೆಂಬುದನ್ನೂ ಮರೆಯಬಾರದು. ವಯಸ್ಸಿನಲ್ಲಿ ಚಿಕ್ಕವರು, ಹೆಂಗಸರು, ಹಿಂದೆ ಮನೋವ್ಯಾಧಿಯಿದ್ದವರು, ಆಸರೆಯಿಲ್ಲದವರು, ಯಂತ್ರದ ಬಗ್ಗೆ ಸರಿಯಾದ ತಿಳುವಳಿಕೆ ದೊರೆಯದವರು—ಇವರಿಗೆ ಅಪಾಯ ಹೆಚ್ಚು. ಕೆನಡದಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಐದು ಅಥವಾ ಅದಕ್ಕಿಂತ ಹೆಚ್ಚು ಆಘಾತಗಳನ್ನು ಪಡೆದವರಿಗೆ ಐ.ಸಿ.ಡಿ.ಯಿಂದ ಬದುಕಿನ ಗುಣಮಟ್ಟದಲ್ಲಿ ಆಗಬೇಕಾದ ಸುಧಾರಣೆ ಆಗಲಿಲ್ಲವೆಂದು ಕಂಡುಬಂದಿತು.

ಖಿನ್ನತೆಯನ್ನು ಗುರುತಿಸುವುದರಲ್ಲಿ ಈ ಸೀಮೆಯಲ್ಲಿ ಭಾಷೆಯದೂ ಒಂದು ತೊಡಕಿದೆ. ‘ಖಿನ್ನತೆ’ ಎಂಬುದು ಪುಸ್ತಕದ ಮಾತು. ಕುಂದಾಪುರದ ಮನೆಗಳಲ್ಲಿ ಅದನ್ನು ಯಾರೂ ಬಳಸುವುದಿಲ್ಲ. ‘ಎಂತದೋ ಒಂಥರಾ ಆತ್ತ್’ ಎನ್ನುವುದು ಅಲ್ಲಿಯ ರೂಢಿ. ನಿದ್ದೆಯಿಲ್ಲ, ಊಟ ರುಚಿಸದು, ಎದೆ ಹೊಡೆದುಕೊಳ್ಳುತ್ತದೆ, ಕೈಕಾಲಿನಲ್ಲಿ ಬಲವಿಲ್ಲ—ಹೀಗೆ ದೇಹದ ಮಾತಿನಲ್ಲೇ ಮನಸ್ಸಿನ ನೋವು ಹೊರಬರುತ್ತದೆ. ಹೃದಯದ ಕಾಯಿಲೆಯವನು ಎದೆ ಹೊಡೆದುಕೊಳ್ಳುತ್ತದೆಯೆಂದರೆ ವೈದ್ಯರು ಸಹಜವಾಗಿಯೇ ಹೃದಯವನ್ನು ಪರೀಕ್ಷಿಸುತ್ತಾರೆ, ಯಂತ್ರವನ್ನು ಪರೀಕ್ಷಿಸುತ್ತಾರೆ, ಎರಡೂ ಸರಿಯಿದ್ದರೆ ‘ಏನೂ ತೊಂದರೆಯಿಲ್ಲ’ ಎಂದು ಕಳುಹಿಸುತ್ತಾರೆ. ತೊಂದರೆಯಿರುವವನಿಗೆ ಆ ಮಾತು ಸಮಾಧಾನವನ್ನು ತರಲಾರದು. ತನ್ನ ಮಾತನ್ನು ಯಾರೂ ನಂಬಲಿಲ್ಲವೆಂಬ ಇನ್ನೊಂದು ನೋವು ಅದರೊಡನೆ ಸೇರಿಕೊಳ್ಳುತ್ತದೆ.

ಹೃದಯದ ಭಯ ಒಬ್ಬಿಬ್ಬರ ದೌರ್ಬಲ್ಯವಲ್ಲ. ೨೦೨೧ರ ಅಕ್ಟೋಬರ್ ೨೯ರಂದು ನಟ ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡಾಗ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗಾಗಿ ನೆರೆದ ಜನರ ಸಾಲನ್ನು ಕನ್ನಡನಾಡೆಲ್ಲವೂ ಕಂಡಿತು. ಯಾವ ಕಾಯಿಲೆಯೂ ಇಲ್ಲದ ಗಟ್ಟಿಮುಟ್ಟಾದ ತರುಣರೇ ಎದೆ ಹಿಡಿದುಕೊಂಡು ಬಂದರೆಂದಮೇಲೆ, ಸಾವಿನ ಹೊಸ್ತಿಲನ್ನು ಒಮ್ಮೆ ಕಂಡು ಮರಳಿದವನು ಅಳುಕುವುದರಲ್ಲಿ ಆಶ್ಚರ್ಯವೇನಿದೆ?

ಮಿಂಚು, ಮಿಕ್ಸಿ, ಬೇಲಿ

ಯಂತ್ರಧಾರಿಗಳ ಭಯಗಳಲ್ಲಿ ಕೆಲವು ನಿರಾಧಾರವಾದವು, ಕೆಲವು ಸಕಾರಣವಾದವು. ಎಲ್ಲವನ್ನೂ ಒಂದೇ ಸಲಕ್ಕೆ ‘ಹೆದರಬೇಡ’ ಎಂದು ತಳ್ಳಿಹಾಕುವುದು ಎಲ್ಲಕ್ಕೂ ಹೆದರುವುದರಷ್ಟೇ ತಪ್ಪು.

ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿಯೂ, ಮಳೆ ಹಿಂದೆಗೆಯುವ ಅಕ್ಟೋಬರಿನಲ್ಲಿಯೂ ಗುಡುಗು ಮಿಂಚುಗಳ ಅಬ್ಬರ ಹೆಚ್ಚು. ಎದೆಯೊಳಗಿನ ಲೋಹವು ಸಿಡಿಲನ್ನು ಸೆಳೆಯುತ್ತದೆಂದು ನಂಬಿ ಮೋಡ ಕಟ್ಟಿದೊಡನೆ ಕತ್ತಲೆ ಕೋಣೆ ಸೇರುವವರಿದ್ದರೆ ಅವರು ತಿಳಿಯಬೇಕಾದುದು ಇಷ್ಟೆ: ಆ ಸಣ್ಣ ಯಂತ್ರಕ್ಕೆ ಸಿಡಿಲನ್ನು ಕರೆಯುವ ಶಕ್ತಿಯಿಲ್ಲ. ಬಯಲಿನಲ್ಲಿ, ತೆಂಗಿನ ಮರದ ಬುಡದಲ್ಲಿ ಎಲ್ಲರಿಗೂ ಇರುವ ಅಪಾಯವೇ ಅವರಿಗೂ ಇದೆ. ಅದಕ್ಕಿಂತ ಹೆಚ್ಚೇನೂ ಇಲ್ಲ. ಕರೆಂಟು ಹೋದರೆ ಯಂತ್ರ ನಿಲ್ಲುವುದೆಂಬ ಭಯವೂ ಹಾಗೆಯೇ ಹುರುಳಿಲ್ಲದ್ದು. ಅದರ ಬ್ಯಾಟರಿ ಅದರೊಳಗೇ ಇದೆ, ಮಾದರಿಗೆ ಅನುಗುಣವಾಗಿ ಅನೇಕ ವರ್ಷಗಳ ಕಾಲ ಬಾಳುತ್ತದೆ. ಚೆಂಡೆಯ ಸದ್ದಿನಿಂದ, ಗರ್ನಾಲಿನ ಸದ್ದಿನಿಂದ ಯಂತ್ರ ಕೆಡುವುದಿಲ್ಲ. ಅಡುಗೆಮನೆಯ ಮಿಕ್ಸಿ, ಗ್ರೈಂಡರ್‌ಗಳನ್ನು ಎದೆಗೆ ಒತ್ತಿ ಹಿಡಿಯದೆ ಎಂದಿನಂತೆ ಬಳಸಬಹುದು. ಆಘಾತವಾಗುವ ಕ್ಷಣದಲ್ಲಿ ರೋಗಿಯನ್ನು ಯಾರಾದರೂ ಮುಟ್ಟಿಕೊಂಡಿದ್ದರೆ ಅವರಿಗೆ ಜುಮ್ಮೆನ್ನಬಹುದೇ ಹೊರತು ಅಪಾಯವಿಲ್ಲ. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಹಿಂಜರಿಯುವ ಅಜ್ಜ, ಗಂಡನ ಸಾಮೀಪ್ಯಕ್ಕೆ ಹೆದರುವ ಹೆಂಡತಿ ಇಬ್ಬರಿಗೂ ಈ ಒಂದು ಮಾತು ದೊಡ್ಡ ಭಾರವನ್ನು ಇಳಿಸಬಲ್ಲುದು. ಆದರೆ ಅದನ್ನು ಕೇಳಲು ಸಂಕೋಚ, ಹೇಳಲು ವೈದ್ಯರಿಗೆ ಸಮಯವಿಲ್ಲ.

ಇನ್ನು ಸಕಾರಣವಾದವು. ಮೊಬೈಲ್ ಫೋನನ್ನು ಯಂತ್ರದ ಮೇಲೆ ಬರುವಂತೆ ಅಂಗಿಯ ಎಡಜೇಬಿನಲ್ಲಿ ಇಡಬಾರದು. ೧೫ ಸೆಂಟಿಮೀಟರಿನಷ್ಟು ದೂರವಿದ್ದರೆ ಸಾಕು, ಮಾತನಾಡುವಾಗ ಯಂತ್ರವಿಲ್ಲದ ಬದಿಯ ಕಿವಿಗೆ ಹಿಡಿಯುವುದು ಒಳ್ಳೆಯದು. ಇಂಡಕ್ಷನ್ ಒಲೆಯಿಂದ ಸುಮಾರು ೬೦ ಸೆಂಟಿಮೀಟರು ದೂರ ನಿಲ್ಲಬೇಕು. ವೆಲ್ಡಿಂಗ್ ಕೆಲಸದವರು, ದೋಣಿಯ ಇಂಜಿನ್ ದುರಸ್ತಿ ಮಾಡುವವರು ವೈದ್ಯರನ್ನು ಕೇಳದೆ ಕೆಲಸಕ್ಕೆ ಮರಳಬಾರದು. ಘಟ್ಟದ ಬುಡದ ಹಳ್ಳಿಗಳಲ್ಲಿ ಕಾಡುಹಂದಿಯನ್ನು ತಡೆಯಲು ತೋಟಕ್ಕೆ ಕಟ್ಟುವ ವಿದ್ಯುತ್ ಬೇಲಿಯನ್ನು ಮುಟ್ಟದಿರಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದೊಂದಿದೆ. ಅರ್ಥಿಂಗ್ ಸರಿಯಿಲ್ಲದ ನೀರಿನ ಪಂಪು, ಬಟ್ಟೆ ಒಗೆಯುವ ಯಂತ್ರ ಮೊದಲಾದವುಗಳಿಂದ ಒದ್ದೆ ನೆಲದಲ್ಲಿ ಸೋರುವ ಅಲ್ಪ ವಿದ್ಯುತ್ತನ್ನು ಐ.ಸಿ.ಡಿ.ಯು ಹೃದಯದ ಅದುರುವಿಕೆಯೆಂದು ತಪ್ಪಾಗಿ ತಿಳಿದು ಆಘಾತ ಕೊಟ್ಟ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ. ಆರು ತಿಂಗಳು ನೆಲ ಒದ್ದೆಯಾಗಿರುವ, ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುವ ಸೀಮೆಯಲ್ಲಿ ಇದು ದೂರದ ಮಾತಲ್ಲ. ಬಾವಿಕಟ್ಟೆಯ ಬಳಿ ಹೋದಾಗಲೆಲ್ಲ ಆಘಾತವಾಗುತ್ತದೆಂದು ರೋಗಿ ಹೇಳಿದರೆ ಅದನ್ನು ಭ್ರಮೆಯೆಂದು ನಗುವ ಮುನ್ನ ಎಲೆಕ್ಟ್ರೀಶಿಯನ್ನನನ್ನು ಕರೆಸಿ ಪಂಪಿನ ಅರ್ಥಿಂಗ್ ನೋಡಿಸುವುದು ವಿವೇಕ.

ಯಾವುದು ನಿಜ, ಯಾವುದು ಭ್ರಮೆ?

ಆತಂಕದ ದೌಡು ಬಂದಾಗ ಎದೆ ಬಡಿದುಕೊಳ್ಳುತ್ತದೆ, ಬೆವರುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಹೃದಯದ ತಾಳ ತಪ್ಪಿದಾಗಲೂ ಇವೇ ಲಕ್ಷಣಗಳು. ಹೊರನೋಟಕ್ಕೆ ಎರಡನ್ನೂ ಬೇರ್ಪಡಿಸುವುದು ರೋಗಿಗೂ ಆಗದು, ಮನೆಯವರಿಗೂ ಆಗದು. ಈ ವಿಷಯದಲ್ಲಿ ಯಂತ್ರವೇ ಸಾಕ್ಷಿ. ಅದು ತನ್ನ ನೆನಪಿನಲ್ಲಿ ಬಡಿತದ ಏರುಪೇರುಗಳನ್ನೂ ತಾನು ಕೊಟ್ಟ ಆಘಾತಗಳನ್ನೂ ಗಂಟೆ ನಿಮಿಷಗಳ ಸಹಿತ ಬರೆದಿಟ್ಟುಕೊಂಡಿರುತ್ತದೆ; ಆಸ್ಪತ್ರೆಯಲ್ಲಿ ಅದನ್ನು ಓದಬಹುದು. ಕೆಲವರು ನಡುರಾತ್ರಿ ನಿದ್ದೆಯಿಂದ ಎಚ್ಚೆತ್ತು ಆಘಾತವಾಯಿತೆಂದು ಖಚಿತವಾಗಿ ಹೇಳುತ್ತಾರೆ, ಯಂತ್ರದ ದಾಖಲೆಯಲ್ಲಿ ಮಾತ್ರ ಏನೂ ಇರುವುದಿಲ್ಲ. ಇಂಥದನ್ನು ವೈದ್ಯರು ಭ್ರಾಂತ ಆಘಾತವೆನ್ನುತ್ತಾರೆ. ರೋಗಿ ಸುಳ್ಳು ಹೇಳುತ್ತಿರುವನೆಂದು ಇದರ ಅರ್ಥವಲ್ಲ. ಹಿಂದೆ ಉಂಡ ಪೆಟ್ಟಿನ ನೆನಪನ್ನೇ ಅವನ ನರಮಂಡಲವು ಮತ್ತೆ ಉಣ್ಣುತ್ತಿದೆ. ಇಂಥ ಅನುಭವ ಹೆಚ್ಚಾಗಿ ಆತಂಕ, ಖಿನ್ನತೆಗಳೊಂದಿಗೆ ಕಾಣಿಸಿಕೊಳ್ಳುವುದರಿಂದ ಮನಸ್ಸಿನ ಕಡೆಗೆ ಗಮನ ಹರಿಸಬೇಕೆಂಬುದಕ್ಕೆ ಇದೇ ಒಂದು ಸೂಚನೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ತಾಳತಪ್ಪಿದ ಬಡಿತವನ್ನು ಹತೋಟಿಯಲ್ಲಿಡಲು ಅನೇಕರಿಗೆ ಅಮಿಯೋಡರೋನ್ ಎಂಬ ಔಷಧವನ್ನು ಕೊಡುತ್ತಾರೆ. ಅದರಲ್ಲಿ ಅಯೋಡಿನ್ ಅಂಶ ಹೆಚ್ಚಾಗಿರುವುದರಿಂದ ಕೆಲವರಲ್ಲಿ ಥೈರಾಯಿಡ್ ಗ್ರಂಥಿಯ ಕೆಲಸ ಏರುಪೇರಾಗುತ್ತದೆ. ಗ್ರಂಥಿಯ ಕೆಲಸ ಕುಗ್ಗಿದರೆ ಜಡತೆ, ನಿರುತ್ಸಾಹ. ಮಿತಿಮೀರಿದರೆ ನಡುಕ, ಚಡಪಡಿಕೆ. ಮನೋವ್ಯಾಧಿಯೆಂದು ಹೆಸರಿಡುವ ಮೊದಲು ರಕ್ತಪರೀಕ್ಷೆಯೊಂದನ್ನು ಮಾಡಿಸಿದರೆ ಎಷ್ಟೋ ಅನರ್ಥ ತಪ್ಪುತ್ತದೆ.

ಪರಿಹಾರದ ದಾರಿಗಳು

ಮೊದಲ ಚಿಕಿತ್ಸೆ ಯಂತ್ರಕ್ಕೇ ಸಲ್ಲಬೇಕು. ಹೃದಯದ ಸಾಧಾರಣ ವೇಗವನ್ನು ಅಪಾಯದ ವೇಗವೆಂದು ತಿಳಿದು ಅನಗತ್ಯವಾಗಿ ಆಘಾತ ಕೊಡುವ ದೋಷ ಹಿಂದಿನ ಐ.ಸಿ.ಡಿ.ಗಳಲ್ಲಿ ಹೆಚ್ಚಾಗಿತ್ತು. ೧೫೦೦ ರೋಗಿಗಳ ಮೇಲೆ ನಡೆದು ೨೦೧೨ರಲ್ಲಿ ಪ್ರಕಟವಾದ ಅಧ್ಯಯನವೊಂದು, ಯಂತ್ರವು ಇನ್ನೂ ಹೆಚ್ಚಿನ ವೇಗಕ್ಕೆ ಮಾತ್ರ ಸ್ಪಂದಿಸುವಂತೆ ಅಥವಾ ಇನ್ನಷ್ಟು ಹೊತ್ತು ಕಾದು ನೋಡುವಂತೆ ಹೊಂದಿಸಿದರೆ ಅನಗತ್ಯ ಚಿಕಿತ್ಸೆ ಬಹಳ ಮಟ್ಟಿಗೆ ಕಡಿಮೆಯಾಗುವುದಲ್ಲದೆ ಸಾವುಗಳೂ ಕಡಿಮೆಯಾಗುತ್ತವೆಂದು ತೋರಿಸಿತು. ಆಘಾತದ ಭಯಕ್ಕೆ ಆಘಾತವನ್ನೇ ತಗ್ಗಿಸುವುದಕ್ಕಿಂತ ಉತ್ತಮ ಮದ್ದು ಬೇರೆ ಯಾವುದಿದ್ದೀತು? ಹೀಗಾಗಿ ನಿಗದಿಯಾದ ತಪಾಸಣೆಗಳನ್ನು ತಪ್ಪಿಸದಿರುವುದು ಮನಸ್ಸಿನ ಚಿಕಿತ್ಸೆಯ ಭಾಗವೂ ಹೌದು.

ಎರಡನೆಯದಾಗಿ, ಆಘಾತವಾದರೆ ಏನು ಮಾಡಬೇಕೆಂಬುದು ಮೊದಲೇ ತೀರ್ಮಾನವಾಗಿರಬೇಕು. ಸಾಮಾನ್ಯವಾಗಿ ವೈದ್ಯರು ಹೇಳುವ ಕ್ರಮ ಹೀಗಿದೆ: ಒಂದೇ ಆಘಾತವಾಗಿ, ಬಳಿಕ ರೋಗಿ ಚೆನ್ನಾಗಿಯೇ ಇದ್ದರೆ, ಕುಳಿತು ಸುಧಾರಿಸಿಕೊಂಡು ಆ ದಿನವೋ ಮರುದಿನವೋ ತನ್ನ ವೈದ್ಯರಿಗೆ ತಿಳಿಸಿದರೆ ಸಾಕು. ಒಂದು ದಿನದೊಳಗೆ ಎರಡು ಅಥವಾ ಹೆಚ್ಚು ಆಘಾತಗಳಾದರೆ, ಅಥವಾ ಒಂದೇ ಆದರೂ ಎದೆನೋವು, ಏದುಸಿರು, ತಲೆಸುತ್ತುಗಳಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಷ್ಟನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು, ವೈದ್ಯರ ದೂರವಾಣಿ ಸಂಖ್ಯೆಯೊಡನೆ ಗೋಡೆಗೆ ಅಂಟಿಸಿದ ಮನೆಯಲ್ಲಿ ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ. ಬ್ರಹ್ಮಾವರದವರಿಗೆ ಉಡುಪಿ, ಮಣಿಪಾಲಗಳು ಹತ್ತಿರ. ಬೈಂದೂರಿನಿಂದಾದರೋ ಸುಮಾರು ೭೦ ಕಿಲೋಮೀಟರು. ಕೊಲ್ಲೂರಿನ ಆಚೆಯ ಕಾಡಂಚಿನ ಮನೆಗಳವರಿಗೆ ಹೆದ್ದಾರಿಯನ್ನು ತಲುಪುವುದೇ ಒಂದು ಪ್ರಯಾಣ. ಮಧ್ಯರಾತ್ರಿ ಯಾರ ವಾಹನ ಬರುತ್ತದೆ, ಮೊದಲು ಯಾವ ಆಸ್ಪತ್ರೆಗೆ ಹೋಗುವುದು ಎಂಬುದನ್ನು ಇವರು ಹಗಲಿನಲ್ಲೇ ನಿಶ್ಚಯಿಸಿಟ್ಟುಕೊಳ್ಳಬೇಕು.

ಮೂರನೆಯದು ಬಿಟ್ಟ ಕೆಲಸಗಳಿಗೆ ಮೆಲ್ಲಮೆಲ್ಲನೆ ಮರಳುವುದು. ಮನಶ್ಚಿಕಿತ್ಸಕರು ಮಾತಿನ ಮೂಲಕ ನಡೆಸುವ ಚಿಕಿತ್ಸೆಯ ಸಾರವೂ ಬಹುಮಟ್ಟಿಗೆ ಇದೇ. ತಪ್ಪಿಸಿಕೊಂಡಷ್ಟೂ ಬೆಳೆಯುವ ಭಯವು ಎದುರಾದಷ್ಟೂ ಕರಗುತ್ತದೆ. ಆದರೆ ಎದುರಾಗುವುದು ಮೆಟ್ಟಿಲು ಮೆಟ್ಟಿಲಾಗಿ ಇರಬೇಕು. ಹಿಂದೆ ಹೇಳಿದ ಮೀನುಗಾರನು ಮೊದಲ ವಾರ ಅಂಗಳದಲ್ಲಿ ನಡೆಯಲಿ, ಬಳಿಕ ಬಂದರಿನವರೆಗೆ ಹೋಗಿ ಬಲೆ ಹೆಣೆಯುವವರೊಡನೆ ಕುಳಿತು ಬರಲಿ, ಆಮೇಲೆ ನಿಂತ ದೋಣಿಯನ್ನು ಹತ್ತಲಿ. ಯಂತ್ರ ಇಟ್ಟ ಮೊದಲ ನಾಲ್ಕಾರು ವಾರ ಆ ಬದಿಯ ತೋಳನ್ನು ಭುಜಕ್ಕಿಂತ ಮೇಲೆ ಎತ್ತಬಾರದೆಂಬ ನಿಯಮವನ್ನು ಕೆಲವರು ಜೀವಮಾನದ ನಿಯಮವೆಂದು ತಿಳಿದು ತೋಳನ್ನು ಅಲುಗಿಸದೆ ಭುಜವೇ ಬಿಗಿದುಕೊಳ್ಳುವಂತೆ ಮಾಡಿಕೊಳ್ಳುತ್ತಾರೆ. ಅವಧಿ ಮುಗಿದ ಮೇಲೆ ತೋಳು ದುಡಿಯಲೇಬೇಕು. ಯಂತ್ರವು ಯಾವ ವೇಗಕ್ಕೆ ಸ್ಪಂದಿಸುತ್ತದೆಂಬುದನ್ನು ವೈದ್ಯರಿಂದ ಕೇಳಿ ತಿಳಿದು, ಅದಕ್ಕಿಂತ ಸಾಕಷ್ಟು ಕೆಳಗಿನ ಮಿತಿಯಲ್ಲಿ ಮಾಡುವ ವ್ಯಾಯಾಮ ಹೃದಯಕ್ಕೂ ಮನಸ್ಸಿಗೂ ಹಿತ. ಮರ ಹತ್ತಿ ತೆಂಗಿನಕಾಯಿ ಕೀಳುವುದು, ಒಬ್ಬನೇ ಕಡಲಿಗಿಳಿಯುವುದು, ಲಾರಿ ನಡೆಸುವುದು—ಕ್ಷಣಮಾತ್ರದ ಮೂರ್ಛೆಯೂ ಪ್ರಾಣಾಂತಿಕವಾಗುವ ಇಂಥ ವೃತ್ತಿಗಳ ವಿಷಯ ಬೇರೆ. ಇವುಗಳಿಗೆ ಮರಳಲಾಗದವರಿಗೆ ಧೈರ್ಯದ ಮಾತಿನಿಂದ ಪ್ರಯೋಜನವಿಲ್ಲ. ಬೇರೆ ದುಡಿಮೆ ಬೇಕು. ಖಿನ್ನತೆಯ ಮೂಲ ಹಲವು ವೇಳೆ ಎದೆಯಲ್ಲಲ್ಲ, ಖಾಲಿಯಾದ ಕೈಯಲ್ಲಿದೆ.

ಔಷಧಗಳ ವಿಷಯದಲ್ಲಿ ಜನರಲ್ಲಿ ಅಂಜಿಕೆ ಹೆಚ್ಚು. ಖಿನ್ನತೆಗೆ ಕೊಡುವ ಔಷಧಗಳಲ್ಲಿ ಹಳೆಯ ಕೆಲವು ಹೃದಯದ ತಾಳವನ್ನು ಕೆಡಿಸಬಲ್ಲವೆಂಬುದು ನಿಜ. ಆದರೆ ಸರ್ಟ್ರಲಿನ್‌ನಂತಹ ಔಷಧಗಳನ್ನು ಹೃದ್ರೋಗಿಗಳಲ್ಲಿಯೇ ಪರೀಕ್ಷಿಸಿ ಸಾಕಷ್ಟು ಸುರಕ್ಷಿತವೆಂದು ಕಂಡುಕೊಳ್ಳಲಾಗಿದೆ. ಮನೋವೈದ್ಯರಿಗೆ ಎದೆಯ ಯಂತ್ರದ ವಿಷಯವನ್ನೂ, ಹೃದಯದ ವೈದ್ಯರಿಗೆ ಮನಸ್ಸಿನ ಔಷಧದ ವಿಷಯವನ್ನೂ ತಿಳಿಸಬೇಕು. ಒಬ್ಬರಿಂದ ಇನ್ನೊಬ್ಬರಿಗೆ ಮುಚ್ಚಿಡುವುದರಲ್ಲಿ ಮಾತ್ರ ಅಪಾಯವಿದೆ.

ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಯವರು ೧೯೫೩ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಿಂದಾಗಿ ಹೃದಯದ ವೈದ್ಯರೂ ಮನೋವೈದ್ಯರೂ ಒಂದೇ ಆವರಣದಲ್ಲಿ ದೊರೆಯುವುದು ಈ ಜಿಲ್ಲೆಯ ಭಾಗ್ಯ. ಅಷ್ಟು ದೂರ ಹೋಗಲಾಗದವರಿಗೆ, ಹೋಗಲು ಸಂಕೋಚಪಡುವವರಿಗೆ ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ‘ಟೆಲಿ ಮಾನಸ್’ ಎಂಬ ಸರಕಾರದ ಉಚಿತ ದೂರವಾಣಿ ಸೇವೆಯಿದೆ. ಅದರ ಸಂಖ್ಯೆ ೧೪೪೧೬. ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು. ಬದುಕು ಬೇಡವೆನಿಸುವ ಯೋಚನೆ ಬರುತ್ತಿದ್ದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಕರೆ ಮಾಡಬೇಕು, ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಬೇಕು.

ಮನೆಯವರ ಪಾಲು

ರೋಗಿಯನ್ನು ಅತಿಯಾಗಿ ಕಾಯುವ ಮನೆಯವರು ಅರಿಯದೆಯೇ ಅವನ ಭಯಕ್ಕೆ ನೀರೆರೆಯುತ್ತಾರೆ. ‘ಕೊಡಪಾನ ಎತ್ತಬೇಡಿ, ತೋಟಕ್ಕೆ ಹೋಗಬೇಡಿ, ಸಿಟ್ಟು ಮಾಡಬೇಡಿ’ ಎಂಬ ಪ್ರೀತಿಯ ಮಾತುಗಳನ್ನು ದಿನವೂ ಕೇಳುವವನು ತನ್ನನ್ನು ಒಡೆದ ಗಾಜಿನಂತೆ ಕಾಣತೊಡಗುತ್ತಾನೆ. ಇದರಲ್ಲಿ ಮನೆಯವರನ್ನು ದೂರುವುದೂ ನ್ಯಾಯವಲ್ಲ. ರಾತ್ರಿ ಎಚ್ಚರವಾದಾಗಲೆಲ್ಲ ಗಂಡನ ಉಸಿರಾಟವನ್ನು ಆಲಿಸುವ ಹೆಂಡತಿಯ ಆತಂಕ ಕೆಲವೊಮ್ಮೆ ರೋಗಿಯ ಆತಂಕಕ್ಕೆ ಸಮನಾದುದೆಂದೂ, ಅದನ್ನು ಮೀರಿದುದೆಂದೂ ಅಧ್ಯಯನಗಳು ಹೇಳುತ್ತವೆ. ಅವಳನ್ನು ಯಾರೂ ‘ನಿಮಗೆ ಹೇಗಿದೆ?’ ಎಂದು ಕೇಳುವುದಿಲ್ಲ. ಮಗ ದುಬೈಯಲ್ಲೋ ಬೆಂಗಳೂರಿನಲ್ಲೋ ಇದ್ದು ಮುದುಕರಿಬ್ಬರೇ ಉಳಿದಿರುವ ಮನೆಗಳಲ್ಲಿ ಈ ಭಾರವೆಲ್ಲವೂ ಅವಳೊಬ್ಬಳ ಮೇಲೆಯೇ. ತ��ಾಸಣೆಗೆ ಹೋಗುವಾಗ ಅವಳನ್ನೂ ಒಳಗೆ ಕರೆದು ಯಂತ್ರದ ವಿಷಯವನ್ನು ವಿವರಿಸುವ ವೈದ್ಯರು ಒಂದೇ ವೇಳೆಗೆ ಇಬ್ಬರಿಗೆ ಚಿಕಿತ್ಸೆ ಮಾಡಿದಂತೆ.

ಮನೆಯವರು ಕೇಳಬಹುದಾದ ಪ್ರಶ್ನೆಗಳು ಎರಡೇ. ಕಳೆದ ಎರಡು ವಾರಗಳಲ್ಲಿ ಬಹುತೇಕ ದಿನ ಮನಸ್ಸು ಕುಗ್ಗಿದೆಯೇ? ಮೊದಲು ಇಷ್ಟಪಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೇ? ಎರಡರಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ವೈದ್ಯರಿಗೆ ತಿಳಿಸಬೇಕು. ಹರಕೆ ಹೊರುವುದು, ದೈವದ ಮುಂದೆ ನಿಂತು ಅಭಯ ಕೇಳುವುದು ಈ ಸೀಮೆಯ ರೂಢಿ. ಅದರಿಂದ ಮನಸ್ಸಿಗೆ ನೆಮ್ಮದಿಯಾಗುವುದಾದರೆ ಬೇಡವೆನ್ನಲು ಕಾರಣವಿಲ್ಲ. ಅದಕ್ಕಾಗಿ ಮಾತ್ರೆಯನ್ನು ನಿಲ್ಲಿಸಬಾರದು, ಅಷ್ಟೆ.

ಯಾರೂ ಎತ್ತದ ಮಾತೊಂದು ಉಳಿದಿದೆ. ಅರ್ಬುದವೋ ವೃದ್ಧಾಪ್ಯವೋ ಬೇರೊಂದು ಕಾರಣದಿಂದ ಬದುಕು ಮುಗಿಯುವ ಹಂತಕ್ಕೆ ಬಂದಾಗ, ಸಹಜವಾಗಿ ನಿಲ್ಲುತ್ತಿರುವ ಹೃದಯಕ್ಕೆ ಐ.ಸಿ.ಡಿ.ಯು ಆಘಾತದ ಮೇಲೆ ಆಘಾತ ಕೊಡುವ ಸಂಭವವಿದೆ. ಅನೇಕ ಯಂತ್ರಧಾರಿಗಳು ಒಳಗೊಳಗೇ ಹೆದರುವುದು ಸಾವಿಗಲ್ಲ, ಇಂಥ ಸಾವಿಗೆ. ಆಘಾತ ಕೊಡುವ ಭಾಗವನ್ನು ಮಾತ್ರ ಶಸ್ತ್ರಕ್ರಿಯೆಯಿಲ್ಲದೆ, ನೋವಿಲ್ಲದೆ ಹೊರಗಿನಿಂದಲೇ ನಿಲ್ಲಿಸಲು ಸಾಧ್ಯವಿದೆಯೆಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಹಾಗೆ ನಿಲ್ಲಿಸುವುದು ಕೊಲ್ಲುವುದಲ್ಲ, ಆತ್ಮಹತ್ಯೆಯೂ ಅಲ್ಲ ಎಂದು ೨೦೧೦ರಲ್ಲಿ ಹೃದಯತಜ್ಞರ ಅಂತರರಾಷ್ಟ್ರೀಯ ಸಂಘವು ಸ್ಪಷ್ಟಪಡಿಸಿತು. ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೮ರ ಮಾರ್ಚ್ ೯ರ ತೀರ್ಪಿನಲ್ಲಿ, ಗುಣವಾಗದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂಬುದನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಮಾನ್ಯಮಾಡಿತು. ೨೦೨೩ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಈ ಮಾತನ್ನು ಕಡೆಯ ದಿನಗಳ ಗಡಿಬಿಡಿಯಲ್ಲಿ ಆಡುವುದಕ್ಕಿಂತ ರೋಗಿ ಎಚ್ಚರದಿಂದಿದ್ದು ತಾನೇ ಉತ್ತರಿಸಬಲ್ಲ ಕಾಲದಲ್ಲಿ ಆಡುವುದು ಮೇಲು. ತೀರಿಕೊಂಡ ಬಳಿಕವೂ ಒಂದು ಕರ್ತವ್ಯವಿದೆ. ಶವವನ್ನು ಚಿತೆಗೇರಿಸುವವರು ಮೊದಲು ಆಸ್ಪತ್ರೆಯವರಿಗೆ ತಿಳಿಸಿ ಯಂತ್ರವನ್ನು ತೆಗೆಸಬೇಕು. ಇಲ್ಲವಾದರೆ ಬೆಂಕಿಯಲ್ಲಿ ಅದರ ಬ್ಯಾಟರಿ ಸಿಡಿಯುತ್ತದೆ. ಮಣ್ಣು ಮಾಡುವ ಸಂಪ್ರದಾಯದವರಿಗೆ ಈ ತೊಡಕಿಲ್ಲ. ಯಂತ್ರದ ವಿವರವುಳ್ಳ ಚೀಟಿಯನ್ನು ರೋಗಿಯು ಸದಾ ತನ್ನ ಬಳಿ ಇಟ್ಟುಕೊಂಡು, ಅದರ ಪ್ರತಿಯೊಂದನ್ನು ಮನೆಯಲ್ಲಿ ಎಲ್ಲರಿಗೂ ತಿಳಿದ ಜಾಗದಲ್ಲಿ ಇಟ್ಟಿರಬೇಕು.